ಅಜ್ಜನ ಕಾಲದ ಗೋಡೆ ಗಡಿಯಾರಕ್ಕೆ ಬ್ಯಾಟರಿ ಮಷಿನ್ ಹಾಕಿಸುವುದೇ, ಬೇಡವೇ?

ತೋಟದಮನೆ (ತೀರ್ಥಹಳ್ಳಿ ಕಡೆ)

ನಮ್ಮ ಊರಮನೆಯ ಜಗಲಿಯಲ್ಲಿ ಅಜ್ಜ ತಂದ ಗೋಡೆ ಗಡಿಯಾರವೊಂದಿದೆ. ಮರದ ಪೆಟ್ಟಿಗೆ, ಗಾಜಿನ ಬಾಗಿಲು, ರೋಮನ್ ಅಂಕಿಗಳ ಬಿಳಿ ಡಯಲ್, ಕೀಲಿ ಕೊಡಲು ಎರಡು ತೂತು. ಡಯಲ್ ಮೇಲಿನ ಹೆಸರು ಮಾಸಿಹೋಗಿದೆ. ಹಿಂದಿನ ಹಿತ್ತಾಳೆ ತಗಡಿನ ಮೇಲೆ ನಕ್ಷತ್ರದ ನಡುವೆ ‘ಜೆ’ ಎಂಬ ಇಂಗ್ಲಿಷ್ ಅಕ್ಷರ ಕಾಣುತ್ತದೆ.

ಅಪ್ಪ ಇದ್ದಷ್ಟು ಕಾಲ ಭಾನುವಾರ ಸ್ನಾನ ಮುಗಿಸಿ ಬಂದು ಕೀಲಿ ಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಂದು ಮಳೆಗಾಲ ಯಾರೂ ಮುಟ್ಟಲಿಲ್ಲ, ನಿಂತುಹೋಯಿತು. ಈಗ ಕೀಲಿ ಕೊಟ್ಟರೆ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಗಂಟೆಯೂ ತಪ್ಪು: ಮುಳ್ಳು ನಾಲ್ಕು ತೋರಿಸಿದರೆ ಏಳು ಹೊಡೆಯುತ್ತದೆ. ಪೇಟೆಯ ರಿಪೇರಿಯವರು ನೋಡಿ, ‘ಇದಕ್ಕೆ ಸಾಮಾನು ಸಿಗುವುದಿಲ್ಲ, ಒಳಗಿನದ್ದು ತೆಗೆದು ಬ್ಯಾಟರಿ ಮಷಿನ್ ಕೂರಿಸಿಕೊಡುತ್ತೇನೆ, ಪೆಂಡುಲಮ್ಮೂ ಆಡುತ್ತದೆ, ಗಂಟೆಯ ಸದ್ದೂ ಬರುತ್ತದೆ’ ಎಂದರು. ಅಣ್ಣ ಒಪ್ಪಿದ್ದಾನೆ. ಅಮ್ಮನಿಗೆ ಮನೆಯಲ್ಲಿ ಗಂಟೆ ಕೇಳಿಸಿದರೆ ಸಾಕು. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಎಂದು ಅಣ್ಣ ಕೇಳಿದರೆ ಕಾರಣ ಹೇಳಲೂ ಬರುತ್ತಿಲ್ಲ. ಬಲ್ಲವರು ತಿಳಿಸಿ.

ಬ್ಯಾಟರಿ ಸಾಕು

ನಿಮ್ಮ ಅಣ್ಣ ಹೇಳುವುದು ಸರಿ. 1969ರ ಡಿಸೆಂಬರ್‌ನಲ್ಲಿ ಸೀಕೋ ಕಂಪನಿ ಮೊದಲ ಕ್ವಾರ್ಟ್ಜ್ (ಬ್ಯಾಟರಿಯಿಂದ ಸ್ಫಟಿಕ ಕಂಪಿಸಿ ನಡೆಯುವ) ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಾಗಲೇ ಈ ಚರ್ಚೆ ಮುಗಿದಿದೆ. ಒಂದು ಚೂರು ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ; ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡ್ ಆಚೀಚೆ ಆದರೆ ಹೆಚ್ಚು. ಅಂಥ ಮಷಿನ್ ಈಗ ಒಂದು ಊಟದ ಬೆಲೆಗೆ ಸಿಗುತ್ತದೆ. ಕೀಲಿ ಗಡಿಯಾರ ದಿನಕ್ಕೇ ಅಷ್ಟು ತಪ್ಪುತ್ತದೆ. ಎತ್ತಿನ ಗಾಡಿಯ ಮೇಲೆ ಪ್ರೀತಿ ಇರಬಹುದು, ಆದರೆ ಆಸ್ಪತ್ರೆಗೆ ಹೋಗುವಾಗ ಯಾರೂ ಅದನ್ನು ಕಟ್ಟುವುದಿಲ್ಲ.

ಇನ್ನು ಗಂಟೆಯ ಸದ್ದು. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78, ದಿನಕ್ಕೆ ಎರಡು ಸುತ್ತು 156, ಅರ್ಧ ಗಂಟೆಯ 24 ಸೇರಿ 180 ಪೆಟ್ಟು. ಮಾವನ ಮನೆಯಲ್ಲಿ ಮಲಗಿ ಅನುಭವಿಸಿದ್ದೇನೆ. ರಾತ್ರಿ ಹನ್ನೆರಡೂವರೆಗೆ ಒಂದು, ಒಂದು ಗಂಟೆಗೆ ಒಂದು, ಒಂದೂವರೆಗೆ ಮತ್ತೆ ಒಂದು. ನಡುವೆ ಎಚ್ಚರವಾದವನಿಗೆ ಗಂಟೆ ಎಷ್ಟೆಂದು ಗೊತ್ತಾಗುವುದೇ ಇಲ್ಲ. ಸಮಯ ತಿಳಿಸುವ ಯಂತ್ರ ಮಾಡುವ ಕೆಲಸವೇ ಇದು?

ಐ ಗ್ಲಾಸ್, ದಾವಣಗೆರೆ

ತೋಟದಮನೆಯವರೇ, ದಯವಿಟ್ಟು ಆತುರಪಡಬೇಡಿ. ಮೂರು ತಲೆಮಾರಿನಿಂದ ನಮ್ಮದು ಇದೇ ಕೆಲಸ. ‘ಸಾಮಾನು ಸಿಗುವುದಿಲ್ಲ’ ಎಂಬ ಮಾತಿಗೆ ಹತ್ತರಲ್ಲಿ ಎಂಟು ಸಲ ‘ಬಿಚ್ಚಿ ತೊಳೆಯಲು ನನಗೆ ಪುರುಸೊತ್ತಿಲ್ಲ’ ಎಂದು ಅರ್ಥ. ಒಂದು ಗೋಡೆ ಗಡಿಯಾರ ಬಿಚ್ಚಿ, ತೊಳೆದು, ಕೂಡಿಸಿ, ವಾರವಿಡೀ ಓಡಿಸಿ ನೋಡಿದರೆ ಸಿಗುವ ಕೂಲಿಯನ್ನು ಬ್ಯಾಟರಿ ಮಷಿನ್ ಹಾಕಿ ಅರ್ಧ ಗಂಟೆಯಲ್ಲಿ ದುಡಿಯಬಹುದು. ಅವರನ್ನು ದೂರುತ್ತಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ.

ಬ್ಯಾಟರಿ ಮಷಿನ್ ಹಾಕಿದರೆ ಏನಾಗುತ್ತದೆ ಎಂಬುದು ಗೊತ್ತಿರಲಿ. ಹೊಸ ಮಷಿನ್ನಿನ ದಂಡ ಡಯಲ್‌ನ ತೂತಿಗೆ ಹಿಡಿಸದಿದ್ದರೆ ತೂತನ್ನು ಅಗಲ ಮಾಡುತ್ತಾರೆ. ಹಳೆಯ ಮುಳ್ಳುಗಳು ಕೂರುವುದಿಲ್ಲ, ತಗಡಿನ ಮುಳ್ಳು ಬರುತ್ತದೆ. ಲೋಲಕ ಆಡುತ್ತದೆ ನಿಜ, ಆದರೆ ಅದನ್ನು ಆಯಸ್ಕಾಂತವೊಂದು ಸುಮ್ಮನೆ ತಳ್ಳುತ್ತಿರುತ್ತದೆ. ಲೋಲಕ ಕಿತ್ತಿಟ್ಟರೂ ಮುಳ್ಳು ನಡೆಯುತ್ತದೆ. ಹಳೆಯ ಹಿತ್ತಾಳೆ ಯಂತ್ರ ತೂಕಕ್ಕೆ ಹೋಗುತ್ತದೆ, ಮತ್ತೆ ತರಲು ಆಗುವುದಿಲ್ಲ.

ಮೊದಲು ಕಿವಿಯಿಂದ ಪರೀಕ್ಷಿಸಿ. ಕೀಲಿ ಕೊಟ್ಟು ಲೋಲಕ ಆಡಿಸಿ, ಕಣ್ಣು ಮುಚ್ಚಿ ನಿಲ್ಲಿ. ಟಿಕ್ ಮತ್ತು ಟಾಕ್ ನಡುವಿನ ಬಿಡುವು ಎರಡೂ ಕಡೆ ಸಮ ಇರಬೇಕು. ‘ಟಿಕ್‌ಟಾಕ್... ಟಿಕ್‌ಟಾಕ್...’ ಎಂದು ಕುಂಟಿದರೆ ಪೆಟ್ಟಿಗೆಯ ಬುಡವನ್ನು ಒಂದು ಬೆರಳಿನಷ್ಟು ಎಡಕ್ಕೋ ಬಲಕ್ಕೋ ಸರಿಸಿ. ಪೆಟ್ಟಿಗೆ ನೋಡಲು ವಾಲಿದಂತಿದ್ದರೂ ಚಿಂತೆಯಿಲ್ಲ. ಸದ್ದು ಸಮವಾದ ಜಾಗದಲ್ಲಿ ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಗೋಡೆಗೆ ಸುಣ್ಣ ಬಣ್ಣ ಮಾಡಿಸಿ ಮತ್ತೆ ನೇತುಹಾಕಿದ ಮೇಲೆ ನಿಂತುಹೋದ ಗಡಿಯಾರಗಳು ನಮ್ಮ ಅಂಗಡಿಗೆ ಎಷ್ಟೋ ಬರುತ್ತವೆ. ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ.

ಗಂಟೆ ತಪ್ಪುವುದು ದೋಷವೇ ಅಲ್ಲ. ಹಿಂಬದಿಯಲ್ಲಿ ಅಂಚಿನ ಸುತ್ತ ಅಸಮ ಅಂತರದಲ್ಲಿ ಕಚ್ಚುಗಳಿರುವ ಚಕ್ರ ಕಾಣುತ್ತದೆಯೇ? ಅದು ಎಣಿಕೆ ಚಕ್ರ. ಅದಕ್ಕೆ ಮುಳ್ಳು ಎಲ್ಲಿದೆ ಎಂಬುದು ಗೊತ್ತಿಲ್ಲ. ನಾಲ್ಕಾದ ಮೇಲೆ ಐದು, ಐದಾದ ಮೇಲೆ ಆರು, ಅಷ್ಟೇ. ಬಾರಿಸುವ ಸ್ಪ್ರಿಂಗ್ ಮೊದಲೇ ಬಿಚ್ಚಿಕೊಂಡು ನಿಂತಾಗ ಲೆಕ್ಕ ತಪ್ಪುತ್ತದೆ. ಬಾರಿಸುವುದಕ್ಕೆ ಚಾಲನೆ ಕೊಡುವ ತಂತಿಯನ್ನು ಬೆರಳಿನಿಂದ ಎತ್ತಿ ಎತ್ತಿ ಬಿಟ್ಟರೆ ಒಂದೊಂದು ಗಂಟೆ ಮುಂದೆ ಹೋಗುತ್ತದೆ, ಮುಳ್ಳಿಗೆ ಸರಿಹೊಂದುವವರೆಗೆ ಹಾಗೆ ಮಾಡಿ. ಮುಳ್ಳನ್ನು ಮಾತ್ರ ಹಿಂದಕ್ಕೆ ತಿರುಗಿಸಬೇಡಿ.

ಮುಖ್ಯವಾದದ್ದು: ತೆಂಗಿನೆಣ್ಣೆ ಹಾಕಿದ್ದೀರಾ?

ತೋಟದಮನೆ

ಅಪ್ಪ ಕೋಳಿಗರಿಯಲ್ಲಿ ಅದ್ದಿ ಬಿಡುತ್ತಿದ್ದುದು ನೆನಪಿದೆ. ಪೆಟ್ಟಿಗೆಯ ತಳದಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಒಂದು ಮುಚ್ಚಳದಲ್ಲಿಟ್ಟದ್ದೂ ಇದೆ. ಈಗ ಹತ್ತಿ ಒಣಗಿ ಕಲ್ಲಾಗಿದೆ.

ಐ ಗ್ಲಾಸ್, ದಾವಣಗೆರೆ

ಹಾಗಾದರೆ ರೋಗ ಸಿಕ್ಕಿತು ಎನ್ನಬಹುದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ನಿಮ್ಮ ಕಡೆಯ ಮಳೆಗಾಲದ ರಾತ್ರಿ ಅದಕ್ಕಿಂತ ತಣ್ಣಗಿರುತ್ತದೆ. ವರ್ಷಗಳು ಕಳೆದಂತೆ ಅದು ಜಿಡ್ಡಾಗಿ, ದೂಳು ಹಿಡಿದು, ಗೋಂದಿನ ಹಾಗೆ ಅಂಟಿಕೊಳ್ಳುತ್ತದೆ. ಸೀಮೆಎಣ್ಣೆಯ ಹತ್ತಿ ಹಳೆಯ ಕಾಲದವರ ಉಪಾಯ, ಅದರ ಆವಿಗೆ ಜಿಡ್ಡು ಸ್ವಲ್ಪ ಸಡಿಲವಾಗುತ್ತದೆ ಎಂಬ ನಂಬಿಕೆ. ತೊಳೆಯುವುದಕ್ಕೆ ಅದು ಬದಲಿಯಲ್ಲ.

ಬಿಚ್ಚಿ ತೊಳೆದು, ಚಕ್ರದ ಅಚ್ಚು ತಟ್ಟೆಯಲ್ಲಿ ಕೂರುವ ತೂತುಗಳಿಗೆ ಮಾತ್ರ ಗಡಿಯಾರದ ಎಣ್ಣೆ, ಸೂಜಿಮೊನೆಯಷ್ಟು. ಚಕ್ರದ ಹಲ್ಲುಗಳಿಗೆ ಎಣ್ಣೆ ಬೇಡವೇ ಬೇಡ. ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಬಿಗಿದ ಸ್ಪ್ರಿಂಗ್ ಇರುವಾಗ ತಟ್ಟೆ ಬಿಚ್ಚಿದರೆ ಬೆರಳು ಹೋಗುತ್ತದೆ, ಉತ್ಪ್ರೇಕ್ಷೆಯಲ್ಲ. ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಹಚ್ಚುವುದಾದರೆ ಪೆಟ್ಟಿಗೆಗೆ ಹಚ್ಚಿ. ಯಂತ್ರದ ಒಳಗಿನಿಂದ ಕುಂಕುಮ ಹೊರತೆಗೆದು ತೆಗೆದು ನನಗೆ ಸಾಕಾಗಿದೆ.

ಸ್ಟುಟ್‌ಗಾರ್ಟ್ ಕನ್ನಡತಿ

ನಕ್ಷತ್ರಕ್ಕೆ ಎಂಟು ಮೊನೆ ಇವೆಯೇ ಎಣಿಸಿ ನೋಡಿ. ಇದ್ದರೆ ಅದು ಯುಂಗ್‌ಹಾನ್ಸ್, ನಾನಿರುವ ಊರಿನಿಂದ ದೂರವಲ್ಲದ ಶ್ರಾಂಬರ್ಗ್ ಎಂಬ ಊರಿನದು. ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ನಡುವಿನ ಈ ಕಾರ್ಖಾನೆ 1861ರಲ್ಲಿ ಶುರುವಾಯಿತು. ಆ ಸೀಮೆಯ ರೈತರು ಅದಕ್ಕೂ ಮುಂಚೆ ಹಿಮ ಬೀಳುವ ತಿಂಗಳುಗಳಲ್ಲಿ ಮನೆಯಲ್ಲಿ ಕುಳಿತು ಮರದ ಚಕ್ರಗಳ ಗಡಿಯಾರ ಮಾಡುತ್ತಿದ್ದರು. ಯುಂಗ್‌ಹಾನ್ಸ್ ಅಮೆರಿಕದ ಕ್ರಮ ಹಿಡಿದು ಯಂತ್ರಗಳಿಂದ ರಾಶಿಗಟ್ಟಲೆ ತಯಾರಿಸಿತು, 20ನೇ ಶತಮಾನದ ಆರಂಭದ ಹೊತ್ತಿಗೆ ಜಗತ್ತಿನ ಅತಿ ದೊಡ್ಡ ಗಡಿಯಾರ ಕಂಪನಿ ಆಗಿತ್ತು. ಅಗ್ಗದಲ್ಲಿ ಮಾಡಿದ್ದರಿಂದಲೇ ಅದು ನಿಮ್ಮ ಅಜ್ಜನ ಜಗಲಿಯವರೆಗೆ ಬಂತು. ಹಾಗಾಗಿ ಇದು ಲಕ್ಷಗಟ್ಟಲೆ ಬೆಲೆಬಾಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲಿನ ಫುರ್ಟ್‌ವಾಂಗನ್ ಊರಿನಲ್ಲಿ ಜರ್ಮನ್ ಗಡಿಯಾರ ವಸ್ತುಸಂಗ್ರಹಾಲಯವಿದೆ. ಹೋಗಿದ್ದಾಗ ನನ್ನ ಮಗ ರತ್ನಖಚಿತ ಗಡಿಯಾರಗಳನ್ನೆಲ್ಲ ಬಿಟ್ಟು ಮರದ ಹಲ್ಲಿನ ಒಂದು ಬಡ ಗಡಿಯಾರದ ಮುಂದೆ ನಿಂತುಬಿಟ್ಟ. ಅದರಲ್ಲಿ ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆ ಎಂದು ಬೆರಳಿಟ್ಟು ತೋರಿಸಲು ಆಗುತ್ತದೆ. ಮನೆಯಲ್ಲಿರುವ ಮಿಕ್ಕ ಯಾವ ಯಂತ್ರದಲ್ಲೂ ಈಗ ಅದು ಸಾಧ್ಯವಿಲ್ಲ.

ಕೋನಮಾನ

‘ಬ್ಯಾಟರಿ ಸಾಕು’ ಅವರ ಲೆಕ್ಕಕ್ಕೆ ತಕರಾರಿಲ್ಲ. ಆದರೆ ಕೀಲಿ ಗಡಿಯಾರ ತಪ್ಪುತ್ತದೆ ಎಂದು ಹೇಳಿ ನಿಲ್ಲಿಸಿದರೆ ಸ್ವಾರಸ್ಯದ ಭಾಗವನ್ನೇ ಬಿಟ್ಟಂತೆ. ಅದು ಯಾಕೆ ತಪ್ಪುತ್ತದೆ ಎಂಬುದು ಮನೆಯವರಿಗೆ ತಿಳಿಯುತ್ತದೆ, ಮನೆಯವರೇ ತಿದ್ದಬಹುದು.

ಹ್ಯೂಗೆನ್ಸ್ 1656ರಲ್ಲಿ ಗಡಿಯಾರಕ್ಕೆ ಲೋಲಕ ಜೋಡಿಸುವ ಮುನ್ನ ಯುರೋಪಿನ ಗಡಿಯಾರಗಳು ದಿನಕ್ಕೆ ಕಾಲು ಗಂಟೆ ಆಚೀಚೆ ಆಗುತ್ತಿದ್ದವು. ಲೋಲಕದ ಗುಟ್ಟು ಹೈಸ್ಕೂಲಿನಲ್ಲಿ ಓದಿದ್ದೇ: ಆಡುವ ಸಮಯ ಉದ್ದವನ್ನು ಅವಲಂಬಿಸಿದೆ, ಬಿಲ್ಲೆಯ ಭಾರವನ್ನಲ್ಲ. 99.4 ಸೆಂಟಿಮೀಟರ್ ಉದ್ದ ಇದ್ದರೆ ಈ ಕಡೆಯಿಂದ ಆ ಕಡೆಗೆ ಒಂದು ಸೆಕೆಂಡ್. ಅದರ ಕಾಲುಭಾಗ, ಸುಮಾರು 25 ಸೆಂಟಿಮೀಟರ್ ಇದ್ದರೆ ಅರ್ಧ ಸೆಕೆಂಡ್. ಮನೆಯ ಗೋಡೆ ಗಡಿಯಾರಗಳು ಹೆಚ್ಚಾಗಿ ಈ ಎರಡನೆಯದರ ಆಸುಪಾಸಿನವು.

ಇಷ್ಟು ಚಿಕ್ಕ ಲೋಲಕದಲ್ಲಿ ಬಿಲ್ಲೆಯನ್ನು ಒಂದು ಮಿಲಿಮೀಟರ್ ಮೇಲೆತ್ತಿದರೆ ದಿನಕ್ಕೆ ಸುಮಾರು ಮೂರು ನಿಮಿಷ ಮುಂದೆ ಓಡುತ್ತದೆ. ಬಿಲ್ಲೆಯ ಕೆಳಗಿನ ನಟ್ಟು ಇರುವುದು ಅದಕ್ಕೇ. ಬೇಸಿಗೆಯಲ್ಲಿ ಉಕ್ಕಿನ ಸರಳು ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಕೆ ಏರಿದರೆ ದಿನಕ್ಕೆ ಐದು ಸೆಕೆಂಡ್ ಹಿಂದೆ ಬೀಳುತ್ತದೆ. ಅಂದರೆ ನಿಮ್ಮ ಜಗಲಿಯ ಗಡಿಯಾರ ಏಪ್ರಿಲ್‌ನಲ್ಲಿ ತುಸು ನಿಧಾನ, ಡಿಸೆಂಬರ್‌ನಲ್ಲಿ ತುಸು ಚುರುಕು. ಹಿಂದೆ ಇದನ್ನು ಆಕಾಶವಾಣಿಯ ವಾರ್ತೆಗೆ ಮುಂಚಿನ ‘ಪೀಪ್’ ಸದ್ದಿಗೆ ಹೊಂದಿಸಿ ತಿದ್ದುತ್ತಿದ್ದರು. ಈಗ ಮೊಬೈಲ್ ಇದೆ. ಒಂದು ವಾರ ಎಷ್ಟು ತಪ್ಪಿತು ಎಂದು ಬರೆದಿಟ್ಟು ನಟ್ಟನ್ನು ಅಷ್ಟಕ್ಕೆ ತಕ್ಕಂತೆ ತಿರುಗಿಸಿ. ಎರಡು ಮೂರು ವಾರದಲ್ಲಿ ವಾರಕ್ಕೆ ಒಂದೆರಡು ನಿಮಿಷಕ್ಕೆ ತರಬಹುದು. ಊರಮನೆಗೆ ಅದಕ್ಕಿಂತ ನಿಖರತೆ ಯಾತಕ್ಕೆ? ಬೆಳಗಿನ ಬಸ್ಸೇ ಅಷ್ಟು ನಿಖರವಾಗಿ ಬರುವುದಿಲ್ಲ.

ಬ್ಯಾಟರಿ ಸಾಕು

ಬಸ್ಸಿನ ಮಾತಿಗೆ ಸೋತೆ. ಆದರೆ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಕೀಲಿ ಕೊಡುವವರು ಯಾರು? ನಮ್ಮ ಚಿಕ್ಕಪ್ಪ ಎಂಬತ್ತು ದಾಟಿದ ಮೇಲೂ ಸ್ಟೂಲ್ ಹತ್ತಿ ಕೀಲಿ ಕೊಡುತ್ತಿದ್ದರು. ಒಂದು ದಿನ ಬಿದ್ದು ಸೊಂಟದ ಮೂಳೆ ಮುರಿಯಿತು, ಮತ್ತೆ ನಡೆಯಲಿಲ್ಲ. ಆ ಗಡಿಯಾರವನ್ನು ನಾನೇ ಗೋಡೆಯಿಂದ ಇಳಿಸಿದೆ. ತೋಟದಮನೆಯವರ ತಾಯಿ ಊರಮನೆಯಲ್ಲಿ ಒಬ್ಬರೇ ಇದ್ದಾರೆಯೇ? ಇದ್ದರೆ ಪರಂಪರೆ ಗಿರಂಪರೆ ಎಲ್ಲ ಆಮೇಲೆ.

ದೊಡ್ಡ ಗಡಿಯಾರದ ಪಕ್ಕ

ಇದು ನಿಜಕ್ಕೂ ಯೋಚಿಸಬೇಕಾದ ಮಾತು. ಆದರೆ ಇದಕ್ಕೆ ಪರಿಹಾರ ಬ್ಯಾಟರಿಯಲ್ಲ, ಮೊಳೆ. ಗಡಿಯಾರವನ್ನು ಅಷ್ಟು ಎತ್ತರಕ್ಕೆ ಹಾಕುವುದು ಮಕ್ಕಳ ಕೈಗೆ ಸಿಗಬಾರದೆಂದು ಮತ್ತು ಅಂಗಳದಿಂದಲೇ ಕಾಣಲೆಂದು. ಈಗ ಎರಡೂ ಕಾರಣವಿಲ್ಲ. ಎದೆಯ ಮಟ್ಟಕ್ಕೆ ಇಳಿಸಿ ಹಾಕಿ. ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದೇವೆ, ಅತ್ತೆ ನೆಲದ ಮೇಲೆ ನಿಂತೇ ಕೀಲಿ ಕೊಡುತ್ತಾರೆ.

ನಾನು ಮೈಸೂರಿನವಳು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ ದೊಡ್ಡ ಗಡಿಯಾರದ ಎದುರಿನಿಂದಲೇ ಚಿಕ್ಕಂದಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಕನ್ನಡ ಅಂಕಿಗಳನ್ನು ನಾನು ಸರಿಯಾಗಿ ಕಲಿತದ್ದು ಅದರ ಮುಖ ನೋಡಿ, ಪುಸ್ತಕದಿಂದಲ್ಲ. ೬ ಮತ್ತು ೯ರ ಗೊಂದಲ ಅಲ್ಲಿಯೇ ಬಗೆಹರಿಯಿತು.

ಗಂಟೆಯ ಸದ್ದಿನ ಬಗ್ಗೆ: ರಾತ್ರಿ ಬೇಡವಾದರೆ ಬಾರಿಸುವ ಸ್ಪ್ರಿಂಗಿಗೆ ಕೀಲಿ ಕೊಡದೆ ಬಿಟ್ಟರಾಯಿತು. ಎರಡು ತೂತು ಬೇರೆ ಬೇರೆ ಇರುವುದು ಅದಕ್ಕೇ ಅಲ್ಲವೇ?

ಐ ಗ್ಲಾಸ್, ದಾವಣಗೆರೆ

ಎಣಿಕೆ ಚಕ್ರದ ಗಡಿಯಾರದಲ್ಲಿ ಬಿಡಬಹುದು ಮೇಡಂ, ತೊಂದರೆಯಿಲ್ಲ. ಇನ್ನೊಂದು ಬಗೆ ಇದೆ, ಬಸವನಹುಳುವಿನ ಆಕಾರದ ತಟ್ಟೆಯ ಮೇಲೆ ಕೈಯೊಂದು ಬಿದ್ದು ಎಷ್ಟು ಬಾರಿಸಬೇಕೆಂದು ಅಳೆಯುತ್ತದೆ. ಅದರಲ್ಲಿ ಗಂಟೆಯೂ ಮುಳ್ಳೂ ತಪ್ಪಿಹೋಗುವುದಿಲ್ಲ. ಆದರೆ ಬಾರಿಸುವ ಭಾಗವನ್ನು ಕೀಲಿಯಿಲ್ಲದೆ ಬಿಟ್ಟರೆ ಅಂಥ ಕೆಲವು ಗಡಿಯಾರಗಳು ಹನ್ನೆರಡು ಕಳೆದ ಮೇಲೆ ಆ ಕೈ ಸಿಕ್ಕಿಬಿದ್ದು ನಿಂತೇಬಿಡುತ್ತವೆ. ಯಾವ ಬಗೆ ಎಂದು ನೋಡಿಕೊಂಡು ಮಾಡಿ. ಸುತ್ತಿಗೆಯ ತಲೆಗೆ ಸಣ್ಣ ಚರ್ಮದ ತುಂಡು ಅಂಟಿಸಿದರೆ ಸದ್ದು ಮೆತ್ತಗಾಗುತ್ತದೆ, ನನ್ನ ಪ್ರಕಾರ ಅದೇ ಮೇಲು.

ಜಾಲಹಳ್ಳಿ ನಿವೃತ್ತ

ಗೋಡೆ ಗಡಿಯಾರದ ಚರ್ಚೆಯಲ್ಲಿ ಕೈಗಡಿಯಾರ ತರುತ್ತಿರುವುದಕ್ಕೆ ಕ್ಷಮೆಯಿರಲಿ, ಸುಮ್ಮನಿರಲು ಆಗುತ್ತಿಲ್ಲ. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ 1961ರಲ್ಲಿ ಶುರುವಾಯಿತು, ಮೊದಲ ಕಂತನ್ನು ನೆಹರೂ ಬಿಡುಗಡೆ ಮಾಡಿದರು. ಆಮೇಲೆ ತುಮಕೂರಿಗೂ ಕಾರ್ಖಾನೆ ಬಂತು. ಜೋಡಣೆ ವಿಭಾಗದಲ್ಲಿ ಸಾಲಾಗಿ ಕುಳಿತು ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರು ಬಹಳ ಮಂದಿ. ಕೂದಲೆಳೆಯಂಥ ಹೇರ್‌ಸ್ಪ್ರಿಂಗನ್ನು (ವಾಚಿನ ಬಡಿತದ ವೇಗ ಹಿಡಿದಿಡುವ ಸುರುಳಿ) ಚಿಮುಟದಲ್ಲಿ ಹಿಡಿದು ಕೂರಿಸುವಾಗ ಅವರು ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದರು.

ಎಸ್ಸೆಸ್ಸೆಲ್ಸಿ ಪಾಸಾದರೆ ನಮ್ಮ ಜನತಾ ವಾಚು, ಮದುವೆಗೆ ಕಾಂಚನ್. ಅಳಿಯನಿಗೆ ಕೊಡುವ ಸಾಮಾನಿನ ಪಟ್ಟಿಯಲ್ಲಿ ಉಂಗುರದ ಪಕ್ಕದಲ್ಲೇ ವಾಚು ಇರುತ್ತಿತ್ತು. ಅಂಧರಿಗಾಗಿ ಗಾಜು ತೆರೆದು ಮುಳ್ಳನ್ನು ಬೆರಳಿನಿಂದ ಮುಟ್ಟಿ ನೋಡುವ ಬ್ರೈಲ್ ವಾಚನ್ನೂ ಮಾಡಿದೆವು. ನನಗೆ ಎಲ್ಲಕ್ಕಿಂತ ಹೆಮ್ಮೆ ಅದರದು. ಕೈಗಡಿಯಾರ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕ್ವಾರ್ಟ್ಜ್ ಕಡೆಗೆ ತಿರುಗಲು ತಡವಾಯಿತು, ಹೊಸೂರಿನಲ್ಲಿ ಟೈಟನ್ ಬಂದ ಮೇಲೆ ಅಂಗಡಿಯ ಗಾಜಿನ ಹಿಂದೆ ನಮ್ಮದು ಹಳತಾಗಿ ಕಂಡಿತು. ಕೆಲಸ ಕೆಟ್ಟದಿತ್ತು ಎಂದು ಮಾತ್ರ ಯಾರೂ ಹೇಳಲಿಲ್ಲ. ಸೆಕೆಂಡಿಗೆ ಐದು ಬಡಿತ, ದಿನಕ್ಕೆ 4,32,000. ಆ ಲೆಕ್ಕದಲ್ಲಿ ನಲವತ್ತು ವರ್ಷ ಓಡಿದ ಜನತಾಗಳು ಇಂದಿಗೂ ಓಡುತ್ತಿವೆ. ಈಗಿನವರು ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ.

ಮೂರನೇ ಸೆಮಿಸ್ಟರ್

ಸರ್, ಭಾನುವಾರದ ಸಂತೆಯಲ್ಲಿ ಎಚ್‌ಎಂಟಿ ಪೈಲಟ್ ಒಂದು ಕೊಂಡಿದ್ದೇನೆ. ಕಿತ್ತಳೆ ಬಣ್ಣದ ಡಯಲ್, ಹೊಳೆಯುತ್ತಿದೆ, ಚೆನ್ನಾಗಿದೆ. ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿದೆ. ‘17 ಜ್ಯುವೆಲ್ಸ್’ ಎಂದಿದೆ, ಅಂದರೆ ಒಳಗೆ ಹದಿನೇಳು ರತ್ನಗಳಿವೆಯೇ?

ಜಾಲಹಳ್ಳಿ ನಿವೃತ್ತ

ಇವೆ, ಆದರೆ ಕೃತಕ ಕೆಂಪು ಹರಳುಗಳು. ಅಚ್ಚುಗಳು ಸವೆಯದಿರಲೆಂದು ಕೂರಿಸಿದ ಬೇರಿಂಗುಗಳು, ಮಾರಿದರೆ ಕಾಫಿಗೂ ಸಾಲದು. ನಮಗೆ ಗೊತ್ತಿರುವ ಪೈಲಟ್‌ನದು ಕಪ್ಪು ಡಯಲ್ ತಮ್ಮಾ. ಕಿತ್ತಳೆ, ಗಿಳಿಹಸಿರು ಎಲ್ಲ ಆಮೇಲೆ ಬಣ್ಣ ಹೊಡೆದು ಅಚ್ಚು ಹಾಕಿದ ಡಯಲ್‌ಗಳು. ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡು, ಅಂಚು ಹರಡಿರುತ್ತದೆ. ಒಳಗಿನ ಯಂತ್ರ ಎಚ್‌ಎಂಟಿಯದೇ ಆಗಿದ್ದರೆ ಬೇಸರ ಬೇಡ, ಕೈಗೆ ಕಟ್ಟಿಕೊಂಡು ಓಡಾಡು. ಸಂಗ್ರಹಕಾರರ ಬೆಲೆ ಕೊಟ್ಟಿದ್ದರೆ ಮಾತ್ರ ಮೋಸ ಹೋದೆ.

ಐ ಗ್ಲಾಸ್, ದಾವಣಗೆರೆ

ಹತ್ತು ನಿಮಿಷ ಮುಂದೆ ಓಡುತ್ತಿದ್ದರೆ ಮೊದಲು ಅದಕ್ಕೆ ಆಯಸ್ಕಾಂತ ಹಿಡಿದಿದೆಯೇ ನೋಡಿಸು. ಮೊಬೈಲ್ ಕವರಿನ ಆಯಸ್ಕಾಂತದ ಮೇಲೋ ಸ್ಪೀಕರಿನ ಮೇಲೋ ರಾತ್ರಿಯಿಡೀ ಇಟ್ಟರೆ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಸ್ಪ್ರಿಂಗ್ ಗಿಡ್ಡವಾದಂತಾಗಿ ವಾಚು ಓಡತೊಡಗುತ್ತದೆ. ಅಂಗಡಿಯಲ್ಲಿ ಆಯಸ್ಕಾಂತ ಬಿಡಿಸುವ ಯಂತ್ರದ ಮೇಲಿಟ್ಟು ತೆಗೆದರೆ ಕ್ಷಣದಲ್ಲಿ ಸರಿಹೋಗುತ್ತದೆ. ಅಂಟಿದ್ದು ಎಣ್ಣೆಯಿಂದಾದರೆ ತೊಳೆಯಬೇಕು. ಬೆಳಿಗ್ಗೆ ಒಂದೇ ಹೊತ್ತಿಗೆ ಕೀಲಿ ಕೊಡು, ತಿರುಗದೆ ಬಿಗಿಯಾದ ಕೂಡಲೇ ನಿಲ್ಲಿಸು. ನೀರು ತಾಗಿಸಬೇಡ, ‘ಪ್ಯಾರಾಶಾಕ್’ ಎಂದು ಬರೆದಿರುವುದು ಪೆಟ್ಟಿಗೆ ಸಂಬಂಧಿಸಿದ್ದು, ನೀರಿಗಲ್ಲ. ಪೆಟ್ಟು ಎಂದರೆ ಹೊಡೆತ, ತಪ್ಪು ತಿಳಿಯಬೇಡ.

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಕ್ಷತ್ರಕ್ಕೆ ಎಂಟೇ ಮೊನೆ. ಟಿಕ್ ಟಾಕ್ ಕುಂಟುತ್ತಿತ್ತು. ಹೋದ ವರ್ಷ ಜಗಲಿಗೆ ಬಣ್ಣ ಮಾಡಿಸಿದ್ದು ಆಗ ನೆನಪಾಯಿತು. ಬುಡ ಸರಿಸಿದ ಮೇಲೆ ಅರ್ಧ ದಿನ ಓಡುತ್ತದೆ, ಪೂರ್ತಿ ಅಲ್ಲ, ಆದ್ದರಿಂದ ತೊಳೆಸುವುದು ಇದ್ದೇ ಇದೆ. ಅಣ್ಣನಿಗೆ ಇಲ್ಲಿನ ಚರ್ಚೆ ಓದಿಸಿದೆ. ‘ಕೀಲಿ ಕೊಡುವವರು ಯಾರು’ ಎಂಬ ಪ್ರಶ್ನೆಗೇ ಅವನೂ ಬಂದು ನಿಂತ. ಅಮ್ಮ ಒಬ್ಬರೇ ಇರುವುದು ನಿಜ. ಪಕ್ಕದ ಮನೆಯ ಏಳನೇ ತರಗತಿಯ ಹುಡುಗಿ ಸಂಜೆ ಅಮ್ಮನ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾಳೆ. ಎಣಿಕೆ ಚಕ್ರದ ತಂತಿ ಎತ್ತಿ ಏಳನ್ನು ನಾಲ್ಕಕ್ಕೆ ತಂದವಳು ಅವಳೇ, ಅದಕ್ಕೆ ಒಂಬತ್ತು ಸಲ ಬಾರಿಸಬೇಕು ಎಂದು ಮೊದಲೇ ಲೆಕ್ಕ ಹಾಕಿ ಹೇಳಿದಳು. ಕೀಲಿಯನ್ನು ತನಗೇ ಕೊಡಬೇಕು ಎನ್ನುತ್ತಿದ್ದಾಳೆ. ಮೊಳೆ ಕೆಳಗಿಳಿಸುತ್ತೇವೆ.

ಬ್ಯಾಟರಿ ಸಾಕು

ಹಾಗಾದರೆ ನನ್ನ ಆಕ್ಷೇಪಣೆ ಇಲ್ಲ. ಆ ಹುಡುಗಿ ಹೈಸ್ಕೂಲಿಗೆ ಹಾಸ್ಟೆಲ್ ಸೇರಿದ ದಿನ ಮತ್ತೆ ಬರುತ್ತೇನೆ.

ಕೋನಮಾನ

ಅಷ್ಟರೊಳಗೆ ಅವಳಿಗೆ ಒಬ್ಬ ತಮ್ಮನೋ ತಂಗಿಯೋ ಸಿಕ್ಕಿರುತ್ತಾರೆ ಬಿಡಿ.

ದೊಡ್ಡ ಗಡಿಯಾರದ ಪಕ್ಕ

ತೊಳೆಯಲು ಕೊಡುವಾಗ ಮಾಸಿದ ಡಯಲ್ ಮೇಲಿನ ಹೆಸರನ್ನು ಹೊಸದಾಗಿ ಬರೆಸಬಹುದೇ? ನಮ್ಮದೂ ಅಳಿಸಿದೆ, ಅದಕ್ಕೇ ಕೇಳಿದೆ.

ಐ ಗ್ಲಾಸ್, ದಾವಣಗೆರೆ

ಬೇಡ ಮೇಡಂ. ಡಯಲ್‌ಗೆ ಒದ್ದೆ ಬಟ್ಟೆಯನ್ನೂ ಮುಟ್ಟಿಸಬೇಡಿ, ಬರಹ ಇನ್ನೂ ಉಳಿದಿದ್ದರೆ ಅದೂ ಎದ್ದುಬರುತ್ತದೆ. ಮೃದುವಾದ ಒಣ ಕುಂಚದಲ್ಲಿ ದೂಳು ತೆಗೆದರೆ ಸಾಕು. ರಿಪೇರಿಗೆ ಒಯ್ಯುವಾಗ ಲೋಲಕವನ್ನು ಕೊಕ್ಕೆಯಿಂದ ಬಿಡಿಸಿ ಬೇರೆ ಕಟ್ಟಿಕೊಳ್ಳಿ. ಹಾಗೇ ಬಿಟ್ಟು ಬಸ್ಸಿನಲ್ಲಿ ತಂದರೆ ಅದು ತೂಗುಬಿದ್ದಿರುವ ತೆಳು ಉಕ್ಕಿನ ಪಟ್ಟಿ ದಾರಿಯಲ್ಲೇ ಮುರಿದಿರುತ್ತದೆ.